ಬೆರಳಾಡುವಷ್ಟು ಜಾಗ

ಚಳಿಗಾಲದ ಬೆಳಿಗ್ಗೆ ನಡೆದು ಹೋಗುವವರಿಗೆ ಸ್ವಲ್ಪ ಹೊತ್ತಿಗೆಲ್ಲ ಕಾಲು ಬೆಚ್ಚಗಾಗುತ್ತದೆ. ಅದೇ ಚಳಿಯಲ್ಲಿ, ಅದೇ ಶೂ ತೊಟ್ಟು ಸೈಕಲ್ ತುಳಿಯುವವರಿಗೆ ಅರ್ಧ ಗಂಟೆಗೆ ಕಾಲ್ಬೆರಳು ಮರಗಟ್ಟುತ್ತದೆ. ತೊಡೆ ದುಡಿಯುತ್ತಿರುತ್ತದೆ, ಬೆನ್ನಿನಲ್ಲಿ ಬೆವರು ಇಳಿಯುತ್ತಿರುತ್ತದೆ, ಪಾದ ಮಾತ್ರ ತನ್ನದಲ್ಲವೇನೋ ಎನ್ನುವಂತಾಗಿರುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಅಂಗಾಲು ಬಾಗುತ್ತದೆ, ಬೆರಳುಗಳು ನೆಲವನ್ನು ಒತ್ತಿ ಬಿಡುತ್ತವೆ, ಅಲ್ಲಿನ ಪುಟ್ಟ ಸ್ನಾಯುಗಳು ದುಡಿದು ರಕ್ತವನ್ನು ಕೆಳಕ್ಕೆ ಕರೆಸಿಕೊಳ್ಳುತ್ತವೆ. ಪೆಡಲ್ ಮೇಲೆ ಪಾದಕ್ಕೆ ಇಂಥ ಕೆಲಸವಿಲ್ಲ. ಮೇಲಿನಿಂದ ಬಂದ ಬಲವನ್ನು ಪೆಡಲ್‌ಗೆ ದಾಟಿಸಿ ಸುಮ್ಮನೆ ಕೂತಿರುತ್ತದೆ.

ಅದಕ್ಕೆ ಗಾಳಿಯೂ ಸೇರುತ್ತದೆ. ಎಲೆ ಅಲುಗದ ದಿನವೂ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವರು ಆ ವೇಗದ ಗಾಳಿಯನ್ನು ತಾವೇ ಎಬ್ಬಿಸಿಕೊಂಡಿರುತ್ತಾರೆ. ಕೆನಡಾದ ಹವಾಮಾನ ಇಲಾಖೆ ಬಳಸುವ ಲೆಕ್ಕದ ಪ್ರಕಾರ ಮೈನಸ್ 10 ಡಿಗ್ರಿಯಲ್ಲಿ ಅಷ್ಟು ಗಾಳಿ ಬಡಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 18 ಆದಂತೆ. ಇನ್ನು ದೇಹದ ಸ್ವಭಾವ ಬೇರೆ. ಚಳಿ ಹೆಚ್ಚಿದಾಗ ಅದು ಮೊದಲು ಹೃದಯ, ಶ್ವಾಸಕೋಶ, ಕರುಳುಗಳನ್ನು ಕಾಪಾಡಿಕೊಳ್ಳುತ್ತದೆ. ಕೈಕಾಲುಗಳ ರಕ್ತನಾಳಗಳನ್ನು ಕಿರಿದು ಮಾಡಿ ಶಾಖ ಸೋರಿಹೋಗದಂತೆ ತಡೆಯುತ್ತದೆ. ಹಾಗಾಗಿ ಕಾಲು ತಣ್ಣಗಾಗುತ್ತಿದೆ ಎಂದರೆ ಎದೆಯ ಮೇಲೆ ಇನ್ನೊಂದು ಪದರ ಬಟ್ಟೆ ಹಾಕಿಕೊಳ್ಳುವುದೂ ಪಾದಕ್ಕೆ ಮಾಡುವ ಉಪಚಾರವೇ.

ಚಳಿಗೆ ಸಿದ್ಧವಾಗಿ ಹೋಗುವುದಕ್ಕೂ ಹೋಗದಿರುವುದಕ್ಕೂ ಎಷ್ಟು ಅಂತರ ಎಂಬುದಕ್ಕೆ ಸೈಕಲ್ ರೇಸಿನ ಚರಿತ್ರೆಯಲ್ಲಿ ಒಂದು ದಿನವಿದೆ: 1988ರ ಜೂನ್ 5. ಇಟಲಿಯಲ್ಲಿ ದಿನಕ್ಕೊಂದು ಹಂತವಾಗಿ ನಡೆಯುವ ಜಿರೋ ಪಂದ್ಯ ಅಂದು 2,600 ಮೀಟರಿಗೂ ಎತ್ತರದ ಗಾವಿಯಾ ಕಣಿವೆಮಾರ್ಗವನ್ನು ಹತ್ತಿ ಬೊರ್ಮಿಯೊ ಪಟ್ಟಣಕ್ಕೆ ಇಳಿಯಬೇಕಿತ್ತು. ಜೂನ್ ತಿಂಗಳಾದರೂ ಮೇಲೆ ಹಿಮ ಸುರಿಯುತ್ತಿತ್ತು. ಅಮೆರಿಕದ ಆ್ಯಂಡಿ ಹ್ಯಾಂಪ್‌ಸ್ಟೆನ್ ಇದ್ದ ತಂಡದವರು ಬೆಳಿಗ್ಗೆಯೇ ಹವಾಮಾನ ತಿಳಿದುಕೊಂಡು ಸ್ಥಳೀಯ ಸ್ಕೀ ಅಂಗಡಿಯಿಂದ ಬೆಚ್ಚನೆಯ ಸಾಮಾನು ತಂದರು, ಸವಾರರ ಮೈಗೆ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್ ತಿಕ್ಕಿದರು. ಹ್ಯಾಂಪ್‌ಸ್ಟೆನ್ ಕೈಗೆ ನಿಯೋಪ್ರೀನ್, ಅಂದರೆ ಮುಳುಗುಗಾರರ ಉಡುಪಿನ ರಬ್ಬರಿನ, ಗವಸು ಬಂತು. ಅತ್ತ ನೆದರ್‌ಲ್ಯಾಂಡ್ಸಿನ ಯೊಹಾನ್ ವಾನ್ ಡೆರ್ ವೆಲ್ಡೆ ಗಿಡ್ಡತೋಳಿನ ಅಂಗಿಯಲ್ಲೇ ಎಲ್ಲರಿಗಿಂತ ಮುಂಚೆ ಶಿಖರ ಮುಟ್ಟಿದ. ಹತ್ತುವವರಿಗೆ ಮೈಯ ಬಿಸಿ ಇರುತ್ತದೆ. ಇಳಿಜಾರಿನಲ್ಲಿ ತುಳಿತ ನಿಂತು ಗಾಳಿ ಇಮ್ಮಡಿಯಾಗುತ್ತದೆ. ಇಳಿಯಲು ಶುರುಮಾಡಿದ ವಾನ್ ಡೆರ್ ವೆಲ್ಡೆ ನಡುಗಿ ನಿಂತುಬಿಟ್ಟ, ಎಲ್ಲೋ ಬೆಚ್ಚಗೆ ಕೂತು ಚೇತರಿಸಿಕೊಂಡು ಗುರಿ ಮುಟ್ಟುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ಆ ದಿನ ಗೆದ್ದವನು ಎರಿಕ್ ಬ್ರೂಕಿಂಕ್. ಏಳು ಸೆಕೆಂಡ್ ಹಿಂದೆ ಬಂದ ಹ್ಯಾಂಪ್‌ಸ್ಟೆನ್ ಒಟ್ಟು ಪಂದ್ಯದಲ್ಲಿ ಮುಂದಿರುವವರ ಗುಲಾಬಿ ಅಂಗಿ ತೊಟ್ಟು, ಕೊನೆಗೆ ಇಡೀ ಜಿರೋ ಗೆದ್ದ ಮೊದಲ ಅಮೆರಿಕನ್ ಎನಿಸಿದ. ಇದಕ್ಕೂ ಮುಂಚೆ, 1980ರ ಲಿಯೇಜ್–ಬಾಸ್ಟೋನ್–ಲಿಯೇಜ್ ಪಂದ್ಯ ಹಿಮಪಾತದಲ್ಲೇ ನಡೆದು 174 ಮಂದಿಯಲ್ಲಿ 21 ಜನ ಮಾತ್ರ ಮುಗಿಸಿದ್ದರು. ಒಂಬತ್ತು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದ ಬರ್ನಾರ್ ಇನೋ ಅವರ ಬಲಗೈಯ ಎರಡು ಬೆರಳುಗಳಿಗೆ ಅಂದು ತಗುಲಿದ ಚಳಿಯ ಪೆಟ್ಟು ಮುಂದೆಯೂ ಉಳಿಯಿತು.

ರೇಸಿನವರ ಮಾತು ಅಲ್ಲಿಗಿರಲಿ. ಮಿನಿಯಾಪೊಲಿಸ್‌ನಲ್ಲಿ ಓದುವ ಹುಬ್ಬಳ್ಳಿಯ ವಿದ್ಯಾರ್ಥಿನಿಗೆ, ಐಂಡ್‌ಹೋವನ್‌ನ ಚಿಪ್ ಯಂತ್ರಗಳ ಕಂಪನಿಗೆ ದಿನಾ ಸೈಕಲ್‌ನಲ್ಲಿ ಹೋಗುವ ಮೈಸೂರಿನ ಎಂಜಿನಿಯರಿಗೆ ಬೇಕಾದದ್ದು ಪದಕವಲ್ಲ, ಕಚೇರಿ ಮುಟ್ಟಿದಾಗ ಮೆಟ್ಟಿಲು ಹತ್ತಲು ಬರುವಂಥ ಕಾಲು. ಇಂಥವರು ಮೊದಲ ಚಳಿಗಾಲದಲ್ಲಿ ಸಾಮಾನ್ಯವಾಗಿ ಮಾಡುವುದು ಒಂದೇ: ಬೇಸಿಗೆಯ ಶೂ ಒಳಗೆ ದಪ್ಪ ಕಾಲುಚೀಲ ತುರುಕುವುದು. ಸಾಲದಿದ್ದರೆ ಇನ್ನೊಂದು ಜೊತೆ. ಕಾಲು ಮೊದಲಿಗಿಂತ ಬೇಗ ತಣ್ಣಗಾಗುತ್ತದೆ.

ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದೇ. ಕಾಲುಚೀಲದ ನೂಲು ತಾನಾಗಿ ಶಾಖ ಹುಟ್ಟಿಸುವುದಿಲ್ಲ. ನೂಲಿನ ನಡುವೆ ನಿಂತ ಗಾಳಿ ಪಾದದ ಶಾಖವನ್ನು ಹಿಡಿದಿಡುತ್ತದೆ. ಬಿಗಿ ಶೂ ಆ ಗಾಳಿಯನ್ನು ಹಿಂಡಿ ಹೊರಹಾಕುತ್ತದೆ, ಜೊತೆಗೆ ಬೆರಳಿಗೆ ಬರುವ ರಕ್ತವನ್ನೂ ಒತ್ತಿ ತಡೆಯುತ್ತದೆ. ರೇಸಿನ ರೂಢಿಯಿಂದ ಬಂದ ಸೈಕಲ್ ಶೂಗಳು ಕಾಲಿಗೆ ಅಂಟಿದಂತೆ ಕೂರಬೇಕೆಂದೇ ಹೊಲಿದವು. ಚಳಿಗಾಲದ ಶೂಗೆ ಆ ನಿಯಮ ಹೊಂದುವುದಿಲ್ಲ. ದಪ್ಪ ಉಣ್ಣೆಯ ಚೀಲ ಹಾಕಿಕೊಂಡ ಮೇಲೂ ಐದೂ ಬೆರಳು ಸಲೀಸಾಗಿ ಮೇಲೆ ಕೆಳಗೆ ಆಡಬೇಕು, ತುದಿಯಲ್ಲಿ ಒಂದಿಷ್ಟು ಖಾಲಿ ಉಳಿಯಬೇಕು. ಅದಕ್ಕೆ ಅರ್ಧ ಸೈಜ್ ದೊಡ್ಡದು ಬೇಕಾಗಬಹುದು, ಎಷ್ಟೋ ಜನರಿಗೆ ಒಂದು ಪೂರ್ತಿ ಸೈಜ್. ಉದ್ದಕ್ಕಿಂತ ಅಗಲದ್ದೇ ಸಮಸ್ಯೆ ಇರುವವರು ಬಹಳ. ಬಾಲ್ಯವಿಡೀ ಚಪ್ಪಲಿಯಲ್ಲೋ ಬರಿಗಾಲಲ್ಲೋ ಓಡಾಡಿದವರ ಪಾದ ಮುಂದೆ ಹರಡಿಕೊಂಡಿರುವುದುಂಟು. ಕಿರಿದಾದ ಇಟಲಿಯ ಅಚ್ಚು ಅವರಿಗೆ ಹಿಡಿಸುವುದಿಲ್ಲ. ಲೇಕ್ ಎಂಬ ಕಂಪನಿ ಚಳಿಗಾಲದ ಬೂಟುಗಳನ್ನು ಅಗಲ ಅಳತೆಯಲ್ಲೂ ಮಾಡುತ್ತದೆ, ಅಂಥ ಪಾದದವರು ಅದನ್ನು ಹುಡುಕಿ ಕೊಳ್ಳುವುದು ಒಳ್ಳೆಯದು. ಸೈಜ್ ತಪ್ಪಿದ ಬೂಟಿನಲ್ಲಿ ಎಂಥ ಹೆಸರಾಂತ ಪದರವಿದ್ದರೂ ದುಡ್ಡು ನೀರುಪಾಲು.

ಇನ್ನು ನೀರು. ಒದ್ದೆ ಕಾಲು ಬೇಗ ತಣ್ಣಗಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಎಷ್ಟು ಬೇಗ ಎಂಬುದು ಗೊತ್ತಿರುವುದಿಲ್ಲ. ನಿಂತ ಗಾಳಿಗಿಂತ ನೀರು ಸುಮಾರು 24 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಒಣ ಹಿಮದ ಮೈನಸ್ 10ಕ್ಕಿಂತ ಸಣ್ಣ ಮಳೆ ಹಿಡಿದ 3 ಡಿಗ್ರಿಯ ದಿನ ಪಾದಕ್ಕೆ ಹೆಚ್ಚು ಕಠಿಣವಾಗಬಹುದು. ಮೊದಲ ಮಹಾಯುದ್ಧದ 1914–15ರ ಚಳಿಗಾಲದಲ್ಲಿ ಬ್ರಿಟಿಷ್ ಸೇನೆಯ ಸುಮಾರು 20,000 ಸೈನಿಕರು ಕಂದಕಗಳ ಕೆಸರುನೀರಿನಲ್ಲಿ ನಿಂತು ನಿಂತು ಪಾದ ಕೆಡಿಸಿಕೊಂಡರು. ಅವರ ಕಾಲು ಹಿಮಗಟ್ಟಿರಲಿಲ್ಲ. ಬಿಗಿ ಬೂಟು, ಒದ್ದೆ, ಅಲುಗಾಡದ ಕಾಲು, ಈ ಮೂರು ಸೇರಿದ್ದವು ಅಷ್ಟೆ. ಸೈಕಲ್ ಸವಾರನ ಹೊತ್ತು ಕಡಿಮೆ, ಆದರೆ ಈ ಮೂರೂ ಅವನಲ್ಲೂ ಸೇರುತ್ತವೆ.

ನೀರು ನಿಲ್ಲಿಸುವ ಬಟ್ಟೆಯ ಮಾತು ಬಂದರೆ ಗೋರ್‌ಟೆಕ್ಸ್ ಹೆಸರು ಬಂದೇ ಬರುತ್ತದೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಪಿಟಿಎಫ್‌ಇ ವಸ್ತುವಿನ ಬಿಸಿ ಮಾಡಿದ ಸರಳನ್ನು ನಿಧಾನವಾಗಿ ಎಳೆದು ಎಳೆದು ಸಾಕಾಗಿ ಒಮ್ಮೆ ಜಗ್ಗನೆ ಎಳೆದರು. ತುಂಡಾಗುವ ಬದಲು ಅದು ಹಲವು ಪಟ್ಟು ಉದ್ದವಾಯಿತು, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾದವು. ಆ ರಂಧ್ರಗಳಲ್ಲಿ ನೀರಿನ ಹನಿ ತೂರದು, ಬೆವರಿನ ಆವಿ ತೂರುತ್ತದೆ. ಶಿಮಾನೊದ ಎಂಡಬ್ಲ್ಯೂ7, ಇಟಲಿಯ ನಾರ್ತ್‌ವೇವ್‌ನ ಆರ್ಕ್‌ಟಿಕ್ ಮುಂತಾದ ಬೂಟುಗಳ ಒಳಗೆ ಈ ಪದರವೇ ಇರುವುದು. ಒಳ್ಳೆಯ ಪದರ, ಅನುಮಾನವಿಲ್ಲ. ಆದರೆ ಮಳೆಯ ದಿನ ಶೂ ಒದ್ದೆಯಾಗುವುದು ಬಹುಪಾಲು ಮೇಲುಗಡೆಯಿಂದ. ಕಾಲಿನ ಗುಂಟ ಇಳಿದ ನೀರು ಗಿಣ್ಣಿನ ಹತ್ತಿರ ಬೂಟಿನ ಬಾಯಿಗೆ ಬೀಳುತ್ತದೆ, ಒಳಗೆ ಇಳಿಯುತ್ತದೆ. ಹೊರಗಿನ ನೀರನ್ನು ತಡೆಯುವ ಅದೇ ಪದರ ಈಗ ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಕೊಳ್ಳುವಾಗ ಚೀಟಿಯ ಮೇಲಿನ ಹೆಸರಿಗಿಂತ ಬಾಯಿಯನ್ನು ನೋಡಬೇಕು: ಗಿಣ್ಣನ್ನು ದಾಟಿ ಮೇಲೆ ಬರುತ್ತದೆಯೇ, ಚರ್ಮಕ್ಕೆ ಹಿತವಾಗಿ ಅಪ್ಪುವ ಪಟ್ಟಿ ಇದೆಯೇ. ತೊಟ್ಟ ಮೇಲೆ ಮಳೆ ಪ್ಯಾಂಟಿನ ಅಂಚು ಬೂಟಿನ ಹೊರಗೆ ಇಳಿಬಿದ್ದಿರಬೇಕು. ಪ್ಯಾಂಟನ್ನು ಬೂಟಿನೊಳಗೆ ಸೇರಿಸಿದರೆ ನೀರಿಗೆ ತಾವೇ ದಾರಿ ಮಾಡಿಕೊಟ್ಟ ಹಾಗೆ.

ಸೈಕಲ್‌ನಲ್ಲಿ ಪಾದ ತೋಯಿಸುವ ಇನ್ನೊಂದು ನೀರು ಆಕಾಶದಿಂದ ಬರುವುದೇ ಇಲ್ಲ. ಮುಂದಿನ ಚಕ್ರ ರಸ್ತೆಯ ನೀರನ್ನು ಎತ್ತಿ ನೇರ ಬೆರಳ ತುದಿಗೆ ಎರಚುತ್ತದೆ. ಮಳೆ ನಿಂತು ಒಂದು ಗಂಟೆಯಾದರೂ ಎರಚುತ್ತಲೇ ಇರುತ್ತದೆ. ಉದ್ದ ಮಡ್‌ಗಾರ್ಡ್, ಅದರ ತುದಿಯಲ್ಲಿ ನೆಲಕ್ಕೆ ಹತ್ತಿರ ತೂಗುವ ರಬ್ಬರ್ ಪಟ್ಟಿ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಬೂಟಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಈ ಪಟ್ಟಿಯನ್ನು ಹಾಕಿಸಿ ನೋಡಬೇಕು. ಹಳೆಯ ಟ್ಯೂಬ್ ಕತ್ತರಿಸಿ ಹಾಕಿದರೂ ನಡೆಯುತ್ತದೆ.

ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಬಳಸುವವರು ಒಮ್ಮೆ ಒಳಗಿನ ಅಟ್ಟೆಯನ್ನು ಎಳೆದು ತೆಗೆದು ನೋಡಬೇಕು. ಅಂಗಾಲಿನ ಉಬ್ಬು ಕೂರುವ ಜಾಗದಲ್ಲಿ ಎರಡು ಉದ್ದ ಸೀಳು, ಸೀಳಿನ ಮೇಲೆ ಒಂದು ಕಬ್ಬಿಣದ ತಗಡು, ತಗಡಿಗೆ ಹೊರಗಿನಿಂದ ಬಿಗಿದ ಎರಡು ಬೋಲ್ಟು. ಹೊರಗಿನ ಕ್ಲೀಟ್ ತಣ್ಣನೆಯ ಪೆಡಲ್‌ಗೆ ಸದಾ ತಾಗಿರುತ್ತದೆ. ಶೂ ಮೇಲುಭಾಗ ಎಷ್ಟೇ ಬೆಚ್ಚಗಿರಲಿ, ಈ ಬೋಲ್ಟಿನ ಗುಂಟ ಶಾಖ ಹೊರಗೆ ಹರಿಯುತ್ತದೆ. ಹಸಿ ರಸ್ತೆಯಲ್ಲಿ ಅದೇ ಸೀಳಿನಿಂದ ನೀರೂ ಒಳಗೆ ಬರುತ್ತದೆ. 1990ರಲ್ಲಿ ಶಿಮಾನೊ ತಂದ ಎಸ್‌ಪಿಡಿ ಪದ್ಧತಿಯಿಂದ ಹಿಡಿದು ಇಂದಿನವರೆಗೆ ಈ ರಚನೆ ಹೆಚ್ಚು ಬದಲಾಗಿಲ್ಲ. ಉಪಾಯ ಸುಲಭವಾಗಿದೆ: ತಗಡಿನ ಮೇಲೆ ನೀರು ತಡೆಯುವ ಟೇಪ್ ಒತ್ತಿ ಅಂಟಿಸಿ, ಮೇಲೆ ಉಣ್ಣೆಯ ಫೆಲ್ಟ್ ಅಟ್ಟೆ ಹಾಕುವುದು. ಫೆಲ್ಟ್ ಹಾಕಿದರೆ ಜಾಗ ಕಡಿಮೆಯಾಗುತ್ತದೆ, ಮತ್ತೆ ಸೈಜಿನ ಮಾತಿಗೇ ಬರಬೇಕಾಗುತ್ತದೆ. ಅಂಗಡಿಯಲ್ಲಿ ಅಳತೆ ನೋಡುವಾಗಲೇ ಆ ಅಟ್ಟೆ ಒಳಗಿರಬೇಕು.

ಹೊಸ ಬೂಟು ಬೇಡ, ಇರುವ ಶೂ ಸಾಕು ಎನ್ನುವವರಿಗೆ ಶೂ ಮೇಲೆ ಏರಿಸುವ ಗವಸುಗಳಿವೆ. ಹೆಚ್ಚಿನವು ನಿಯೋಪ್ರೀನಿನವು. ಅದರೊಳಗಿನ ಮುಚ್ಚಿದ ಗುಳ್ಳೆಗಳು ಶಾಖವನ್ನು ಹಿಡಿಯುತ್ತವೆ, ಗಾಳಿಯನ್ನು ಪೂರಾ ತಡೆಯುತ್ತವೆ. ಐದಾರು ಡಿಗ್ರಿಯವರೆಗೆ, ಒಂದು ಗಂಟೆಯ ಸವಾರಿಗೆ ಇವು ಸಾಕು. ಆದರೆ ಕ್ಲೀಟ್‌ಗಾಗಿ ಅಡಿಯಲ್ಲಿ ತೂತು ಬಿಟ್ಟಿರುತ್ತಾರೆ, ನಡೆದಾಡಿದರೆ ಅಡಿ ಬೇಗ ಹರಿಯುತ್ತದೆ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಸೀಲ್‌ಸ್ಕಿನ್ಜ್ ಮಾಡುವಂಥ ನೀರು ತಡೆಯುವ ಕಾಲುಚೀಲ ಇನ್ನೊಂದು ದಾರಿ: ಶೂ ನೆನೆಯಲಿ, ಪಾದ ಒಣಗಿರಲಿ ಎಂಬ ಲೆಕ್ಕ. ತೀರಾ ಚಳಿಯಿರದ ಮಳೆನಾಡುಗಳಿಗೆ ಇದು ಹೊಂದುತ್ತದೆ. ಹೆಪ್ಪುಗಟ್ಟುವ ಚಳಿಗೆ ಹೊಂದುವುದಿಲ್ಲ, ಏಕೆಂದರೆ ನೆನೆದ ಶೂ ಪಾದದ ಸುತ್ತ ತಣ್ಣೀರಿನ ಪಟ್ಟಿ ಕಟ್ಟಿದಂತಾಗುತ್ತದೆ.

ಚರ್ಮಕ್ಕೆ ತಾಗುವ ಚೀಲ ಮಾತ್ರ ಉಣ್ಣೆಯದೇ ಆಗಿರಲಿ, ಹತ್ತಿ ಬೇಡವೇ ಬೇಡ. ಹತ್ತಿ ಬೆವರನ್ನು ಕುಡಿದು ತಣ್ಣಗೆ ಅಂಟಿಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ನೂಲಿನೊಳಗೆ ಎಳೆದುಕೊಂಡರೂ ಮುಟ್ಟಲು ಒದ್ದೆ ಎನಿಸುವುದಿಲ್ಲ. ಆಷಾಢದ ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾಯುವವರ ಮೈ ಬೆಚ್ಚಗಿರುವುದು ಹೇಗೋ ಇದೂ ಹಾಗೆಯೇ.

ಇಷ್ಟೆಲ್ಲ ಸಲಕರಣೆಯ ಮಾತಾಡಿದ ಮೇಲೆ ಫಿನ್‌ಲ್ಯಾಂಡಿನ ಔಲು ಪಟ್ಟಣದ ಕಡೆ ನೋಡಬೇಕು. ಉತ್ತರ ಧ್ರುವ ವೃತ್ತಕ್ಕೆ ಹತ್ತಿರ, 65ನೇ ಅಕ್ಷಾಂಶದಲ್ಲಿದೆ. ಎರಡು ಲಕ್ಷ ಜನಸಂಖ್ಯೆಗೆ 900 ಕಿಲೋಮೀಟರಿಗೂ ಹೆಚ್ಚು ಸೈಕಲ್ ದಾರಿ. ಹಿಮ ಬಿದ್ದ ಬೆಳಿಗ್ಗೆ ಮುಖ್ಯ ಸೈಕಲ್ ದಾರಿಗಳನ್ನು ಬೇಗನೆ ಗುಡಿಸಿ, ಉಳಿದ ಹಿಮವನ್ನು ಗಟ್ಟಿಯಾಗಿ ಒತ್ತಿ ಬಿಡುತ್ತಾರೆ. ಉಪ್ಪು ಸುರಿದು ಕೆಸರು ಮಾಡುವುದಕ್ಕಿಂತ ಅದೇ ಮೇಲು. ಚಳಿಗಾಲದ ಸೈಕಲ್ ಸವಾರಿಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದೂ ಇಲ್ಲೇ. ಅಲ್ಲಿನ ಮೆಟ್ಸೊಕಾಂಗಾಸ್ ಶಾಲೆಯ ಅಂಗಳದಲ್ಲಿ ಮೈನಸ್ 17 ಡಿಗ್ರಿಯ ದಿನವೂ ಮಕ್ಕಳ ಸೈಕಲ್‌ಗಳು ಸಾಲುಸಾಲಾಗಿ ನಿಂತ ಚಿತ್ರ ಪ್ರಪಂಚವೆಲ್ಲ ಸುತ್ತಿದೆ. ಆ ಮಕ್ಕಳ ಕಾಲಲ್ಲಿ ಸೈಕಲ್ ಶೂ ಇರುವುದಿಲ್ಲ. ಹಿಮದಲ್ಲಿ ಆಡಲು ಹಾಕುವ ಸಾಧಾರಣ ಚಳಿಗಾಲದ ಬೂಟು, ಚಪ್ಪಟೆ ಪೆಡಲ್, ಇಷ್ಟೇ.

ದಿನಬಳಕೆಯ ಸವಾರನಿಗೆ ಈ ಲೇಖನದ ಶಿಫಾರಸೂ ಅದೇ. ಹೋಗಿ ಬರುವ ದೂರ ಐದಾರು ಕಿಲೋಮೀಟರ್ ಆದರೆ ಕ್ಲೀಟ್ ಬಿಡಿ, ಹಲ್ಲು ಚೆನ್ನಾಗಿರುವ ಅಗಲ ಚಪ್ಪಟೆ ಪೆಡಲ್ ಹಾಕಿಸಿ. ಕೆಳಗೆ ರಬ್ಬರು, ಮೇಲೆ ಚರ್ಮ, ಒಳಗೆ ತೆಗೆದು ಒಣಗಿಸಬಹುದಾದ ಫೆಲ್ಟ್ ಕವಚ ಇರುವ ಬೂಟು ಕೊಳ್ಳಿ. ಕೆನಡಾ ಮೂಲದ ಸೊರೆಲ್ ಈ ಮಾದರಿಯಿಂದಲೇ ಹೆಸರು ಮಾಡಿತು. ಬಸ್ಸಿಗೂ ಆಯಿತು, ಹಿಮ ಗೋರಲೂ ಆಯಿತು, ಸೈಕಲ್‌ಗೂ ಆಯಿತು. ದಪ್ಪ ರಬ್ಬರು ಅಟ್ಟೆಯಲ್ಲಿ ಬೋಲ್ಟಿಲ್ಲ, ಸೀಳಿಲ್ಲ. ಇಳಿದು ನಾಲ್ಕು ಹೆಜ್ಜೆ ನಡೆಯಲೂ ಸುಲಭ. ನಡೆಯುವುದು ಮುಖ್ಯ, ಏಕೆಂದರೆ ಮರಗಟ್ಟಿದ ಬೆರಳಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಎರಡು ನಿಮಿಷ ಸೈಕಲ್ ತಳ್ಳಿಕೊಂಡು ನಡೆದರೆ ರಕ್ತ ಕೆಳಗಿಳಿಯುವುದು ತಿಳಿಯುತ್ತದೆ.

ದೂರ ಹೋಗುವವರ ಕಥೆ ಬೇರೆ. ಮಿನಿಯಾಪೊಲಿಸ್‌ನ ಮಿಡ್‌ಟೌನ್ ಗ್ರೀನ್‌ವೇ, ಹಳೆಯ ರೈಲು ಹಳಿಯ ಜಾಗದಲ್ಲಿ ಹಾಸಿದ ಒಂಬತ್ತು ಕಿಲೋಮೀಟರಿನ ದಾರಿ, ಜನವರಿಯಲ್ಲೂ ಹಿಮ ತೆಗೆಸಿಕೊಂಡು ಸವಾರರಿಗೆ ತೆರೆದಿರುತ್ತದೆ. ಪಕ್ಕದ ಬ್ಲೂಮಿಂಗ್ಟನ್‌ನಲ್ಲೇ 2005ರಲ್ಲಿ ಸರ್ಲಿ ಕಂಪನಿ ಪಗ್ಸ್‌ಲಿ ಎಂಬ ದಪ್ಪ ಟೈರಿನ ಸೈಕಲ್ ತಂದು ಹಿಮದ ಸವಾರಿಯನ್ನು ಅಂಗಡಿಗಿಳಿಸಿತು. 45ನೇ ಅಕ್ಷಾಂಶದ ಹೆಸರು ಹೊತ್ತ ಫಾರ್ಟಿಫೈವ್ ನಾರ್ತ್ ಕಂಪನಿ ಕೂಡ ಅಲ್ಲಿನದೇ. ಅದರ ಬೂಟುಗಳು ಚಳಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿವೆ: ಎಳೆ ಚಳಿಗೆ ರಾಗ್ನರೋಕ್, ಕಡು ಚಳಿಗೆ ವುಲ್ವ್‌ಹ್ಯಾಮರ್, ಅದನ್ನೂ ಮೀರಿದ್ದಕ್ಕೆ ತೆಗೆಯಬಹುದಾದ ಉಣ್ಣೆ ಕವಚದ ವುಲ್ಫ್‌ಗಾರ್. ಕಡು ಚಳಿಯ ಬೂಟುಗಳ ಬೆಲೆ 300 ಡಾಲರ್ ದಾಟುತ್ತದೆ. ಎರಡು ಮೂರು ಗಂಟೆ ಹಿಮದಲ್ಲಿ ತುಳಿಯುವವರಿಗೆ ಅದು ದುಬಾರಿಯಲ್ಲ. ಮೂಲೆಯ ಅಂಗಡಿಗೆ ಹೋಗಿ ಬರುವವರಿಗೆ ಅದು ಬೇಕಾಗಿಲ್ಲ.

ಅಲಾಸ್ಕದ ಇಡಿಟರಾಡ್ ಟ್ರೇಲ್ ಇನ್ವಿಟೇಶನಲ್ ಪಂದ್ಯ ಹಿಮದ ಸವಾರಿಯ ತುತ್ತತುದಿ. ಸ್ಲೆಡ್ಜ್ ನಾಯಿಗಳ ದಾರಿಯಲ್ಲೇ ಸವಾರರು ಮಕ್‌ಗ್ರಾತ್‌ವರೆಗೆ 350 ಮೈಲಿ, ಛಲವಿದ್ದವರು ನೋಮ್‌ವರೆಗೆ 1,000 ಮೈಲಿ ಹೋಗುತ್ತಾರೆ. ಮೈನಸ್ 40 ಅಲ್ಲಿ ಅಪರೂಪವಲ್ಲ. ಆದರೂ ಅವರು ಹೆಚ್ಚು ಹೆದರುವುದು ನೀರಿಗೆ. ನದಿಯ ಹೆಪ್ಪು ಬಿರಿದು ಒಳಗಿನ ನೀರು ಮೇಲೆ ಉಕ್ಕಿ, ಹಿಮದ ಅಡಿಯಲ್ಲಿ ಕಾಣದಂತೆ ಹರಿಯುತ್ತದೆ. ಓವರ್‌ಫ್ಲೋ ಎನ್ನುತ್ತಾರೆ. ಅಂಥ ಜಾಗ ಬಂದಾಗ ಬೂಟಿನ ಮೇಲೆ ಮಂಡಿಯವರೆಗಿನ ರಬ್ಬರು ಮೇಲುಬೂಟು ಏರಿಸಿ ನಡೆದು ದಾಟುತ್ತಾರೆ. ಒಳಗೆ ತೆಳು ಚೀಲಕ್ಕೂ ದಪ್ಪ ಚೀಲಕ್ಕೂ ನಡುವೆ ಆವಿ ದಾಟದ ಒಂದು ಪದರ ಹಾಕುವ ರೂಢಿಯಿದೆ. ಬೆವರು ಹೊರಗಿನ ಚೀಲಕ್ಕೆ ಹೋಗಿ ಅಲ್ಲಿ ಹಿಮಗಟ್ಟಬಾರದೆಂದು. ಬಡ ಸವಾರರು ಬ್ರೆಡ್ ಬಂದ ಪ್ಲಾಸ್ಟಿಕ್ ಚೀಲದಿಂದಲೇ ಈ ಕೆಲಸ ಮಾಡಿಕೊಳ್ಳುತ್ತಾರೆ. ಕಡು ಚಳಿಯಲ್ಲಿ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಸೊನ್ನೆಯ ಮೇಲೆ ಹಾಕಿಕೊಂಡರೆ ಬೆವರಿನಲ್ಲೇ ಕಾಲು ಬೇಯುತ್ತದೆ.

ಬೆಂಗಳೂರಿನ ಸವಾರರಿಗೆ ಇವೆಲ್ಲ ಬೇಕಾಗುವುದು ಮನಾಲಿ–ಲೇಹ್ ದಾರಿಗೆ. ಜುಲೈ–ಆಗಸ್ಟ್‌ನಲ್ಲಿ ಅಲ್ಲಿಗೆ ಹೋಗುವವರು ಬೇಸಿಗೆ ಎಂದುಕೊಂಡು ಜಾಲರಿ ಶೂ ಒಯ್ಯುತ್ತಾರೆ. ನಾಲ್ಕು ಸಾವಿರ ಮೀಟರ್ ಎತ್ತರದ ಸರ್ಚುವಿನಲ್ಲಿ ಬೆಳಗಿನ ಜಾವ ನೀರಿನ ಬಾಟಲಿ ಹೆಪ್ಪುಗಟ್ಟುವುದುಂಟು. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ನಾಲಾಗಳು ರಸ್ತೆಯ ಮೇಲೆಯೇ ಹರಿಯುತ್ತವೆ, ಇಳಿದು ದಾಟದೆ ಗತಿಯಿಲ್ಲ. ಮಂಡಿಯುದ್ದದ ನೀರನ್ನು ಯಾವ ಗೋರ್‌ಟೆಕ್ಸ್ ಶೂ ಕೂಡ ತಡೆಯುವುದಿಲ್ಲ. ಶೂ, ಚೀಲ ಬಿಚ್ಚಿ ಕೊರಳಿಗೆ ಕಟ್ಟಿಕೊಂಡು, ಪಟ್ಟಿ ಇರುವ ಸ್ಯಾಂಡಲ್‌ನಲ್ಲಿ ನೀರು ದಾಟಿ, ಕಾಲು ಒರೆಸಿ, ಒಣ ಚೀಲ ಹಾಕಿಕೊಳ್ಳುವುದೇ ದಾರಿ. ಸಾಧ್ಯವಾದರೆ ನಾಲಾಗಳನ್ನು ಬೆಳಿಗ್ಗೆ, ನೀರು ಕಡಿಮೆಯಿರುವಾಗಲೇ ದಾಟಬೇಕು.

ಮನೆಗೆ ಬಂದ ಮೇಲಿನ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಒದ್ದೆ ಬೂಟನ್ನು ಹೀಟರ್ ಮೇಲೆ ಇಟ್ಟರೆ ಅಂಟು ಬಿಡುತ್ತದೆ, ಚರ್ಮ ಬಿರಿಯುತ್ತದೆ. ಅಟ್ಟೆ, ಕವಚ ಎಲ್ಲವನ್ನೂ ಹೊರತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ತುದಿಯವರೆಗೆ ತುಂಬಬೇಕು. ಗಂಟೆಯ ನಂತರ ಆ ಉಂಡೆ ಭಾರವಾಗಿ ಹೊರಬರುತ್ತದೆ, ಹೊಸದು ತುಂಬಬೇಕು. ಬೆಳಿಗ್ಗೆಗೆ ಒಣಗಿರುತ್ತದೆ. ರಾತ್ರಿ ಒಣಗದ ಬೂಟು ಮರುದಿನ ಮೊದಲ ಕಿಲೋಮೀಟರಿನಲ್ಲೇ ತಣ್ಣಗಾಗುತ್ತದೆ, ಅದರ ಬೆಲೆ ಎಷ್ಟೇ ಇರಲಿ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಪಾದದ ಸ್ಪರ್ಶ ಮಂಕಾಗಿದ್ದರೆ ಬೆರಳು ಹೆಪ್ಪುಗಟ್ಟುತ್ತಿರುವುದು ತಿಳಿಯುವುದೇ ಇಲ್ಲ; ಅಂಥವರು ಕಣ್ಣಿನಿಂದ ನೋಡಿಯೇ ನಂಬಬೇಕು, ವೈದ್ಯರನ್ನು ಕೇಳಿಯೇ ಚಳಿಗೆ ಇಳಿಯಬೇಕು. ಯಾರದೇ ಆಗಲಿ, ಬೆರಳು ಬಿಳಿಚಿ ಗಟ್ಟಿಯಾಗಿ ನೋವೂ ನಿಂತುಹೋದರೆ ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಒಳಗೆ ಬಂದು, ಮೈಬಿಸಿಗಿಂತ ಸ್ವಲ್ಪವೇ ಹೆಚ್ಚಿನ ಉಗುರುಬೆಚ್ಚನೆ ನೀರಿನಲ್ಲಿ ಪಾದ ಇಟ್ಟುಕೊಂಡು ಆಸ್ಪತ್ರೆಗೆ ಫೋನ್ ಮಾಡಬೇಕು.

ಈ ವರ್ಷ ಚಳಿಯ ದೇಶಕ್ಕೆ ಹೊರಟವರು ಬೂಟನ್ನು ಇಲ್ಲಿಂದ ಕೊಂಡು ಒಯ್ಯಬೇಡಿ. ಅಲ್ಲಿಗೆ ಹೋಗಿ ಅಕ್ಟೋಬರ್ ಒಳಗೆ ಅಂಗಡಿಗೆ ಹೋಗಿ. ಸಂಜೆ ಹೋಗಿ, ಆಗ ಪಾದ ದಿನದ ಓಡಾಟಕ್ಕೆ ಉಬ್ಬಿರುತ್ತದೆ. ಚಳಿಗಾಲದಲ್ಲಿ ಹಾಕುವ ದಪ್ಪ ಉಣ್ಣೆ ಚೀಲವನ್ನೂ ಫೆಲ್ಟ್ ಅಟ್ಟೆಯನ್ನೂ ಜೊತೆಯಲ್ಲಿ ಒಯ್ಯಿರಿ. ಎರಡನ್ನೂ ಹಾಕಿ ಲೇಸ್ ಕಟ್ಟಿ, ಅಂಗಡಿಯೊಳಗೆ ಹತ್ತು ನಿಮಿಷ ನಡೆದಾಡಿ. ಬೆರಳು ಆಡದಿದ್ದರೆ ಬೆಲೆ ಎಷ್ಟೇ ಇಳಿಸಲಿ, ಆ ಬೂಟನ್ನು ಅಲ್ಲೇ ಬಿಟ್ಟು ಬನ್ನಿ.